ಐರ್ಲೆಂಡಿನ ದ್ವೀಪಗಳ ಹಾಡು ಸಂಗ್ರಹದಿಂದ ಕೊಡಗಿನ ದುಡಿ ಹಾಡು ಬರೆದಿಡುವವರು ಏನು ಕಲಿಯಬಹುದು?

ಪ್ರಶ್ನೆ: ನಾಪೋಕ್ಲು ಕಡೆಯ ಶಾಲಾ ಶಿಕ್ಷಕಿ

ಮಾನ್ಯರೆ,

ನಮ್ಮ ಗ್ರಾಮದಲ್ಲಿ ಮದುವೆ, ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಮತ್ತು ಸಾವಿನ ಮನೆಗಳಲ್ಲಿ ದುಡಿ (ಡಮರುವಿನಂಥ ಪುಟ್ಟ ಚರ್ಮವಾದ್ಯ) ಹಿಡಿದು ಹಾಡಬಲ್ಲ ಹಿರಿಯರು ಈಗ ಬೆರಳೆಣಿಕೆಯಷ್ಟು ಮಂದಿ ಮಾತ್ರ ಇದ್ದಾರೆ. ಅವರ ಹಾಡುಗಳನ್ನು ಬರೆದಿಡುವ ಕೆಲಸಕ್ಕೆ ಕೈ ಹಾಕಿದ್ದೇನೆ. ನಡಿಕೇರಿಯಂಡ ಚಿಣ್ಣಪ್ಪನವರು ಪೊಲೀಸ್ ಇಲಾಖೆಯ ಕೆಲಸ ಮಾಡುತ್ತಲೇ ಕೊಡವ ಹಾಡುಗಳನ್ನು ಕೇಳಿ, ಕನ್ನಡ ಲಿಪಿಯಲ್ಲಿ ಬರೆದು, 1924ರಲ್ಲಿ 'ಪಟ್ಟೋಲೆ ಪಳಮೆ'ಯಾಗಿ ಪ್ರಕಟಿಸಿದ್ದು ನಮಗೆಲ್ಲ ತಿಳಿದೇ ಇದೆ. ಅದು ನನ್ನ ಮೇಜಿನ ಮೇಲೆ ಸದಾ ಇರುತ್ತದೆ. ಆದರೆ ನಮ್ಮ ಗ್ರಾಮದ ಹಿರಿಯರು ಹಾಡುವಾಗ ಅದೇ ಹಾಡಿನಲ್ಲಿ ಬೇರೆ ಸಾಲುಗಳು, ಬೇರೆ ಸ್ಥಳನಾಮಗಳು, ಕೆಲವೊಮ್ಮೆ ಬೇರೆಯೇ ಕತೆ ಬರುತ್ತದೆ. ಅವನ್ನೂ ಉಳಿಸಬೇಕೆಂಬುದು ನನ್ನ ಆಸೆ.

ಕೆಲಸ ಆರಂಭಿಸಿದ ಮೇಲೆ ಒಂದು ತೊಡಕು ಎದುರಾಗಿದೆ. ಹಿರಿಯರೊಬ್ಬರನ್ನು ಕಯ್ಯಾಲೆಯಲ್ಲಿ (ಮನೆಯ ಮುಂದಿನ ಜಗಲಿಯಲ್ಲಿ) ಕುಳ್ಳಿರಿಸಿ, "ಅಜ್ಜ, ನಿಧಾನವಾಗಿ ಹೇಳಿ, ನಾನು ಬರೆದುಕೊಳ್ಳುತ್ತೇನೆ" ಎಂದರೆ ಹತ್ತಿಪ್ಪತ್ತು ಸಾಲುಗಳಾದ ಮೇಲೆ ಅವರ ಮಾತು ತಡವರಿಸುತ್ತದೆ, ಸಾಲುಗಳು ಹಿಂದುಮುಂದಾಗುತ್ತವೆ. ಅದೇ ಹಿರಿಯರು ದುಡಿಯನ್ನು ಎಡಗೈಯಲ್ಲಿ ಹಿಡಿದು, ಅದರ ದಾರವನ್ನು ಬೆರಳಿನಿಂದ ಒತ್ತಿ ಸಡಿಲಿಸಿ, ಸಣ್ಣ ಕೋಲಿನಿಂದ ಬಡಿಯಲು ಆರಂಭಿಸಿದರೆಂದರೆ ಮರೆತೇಹೋಗಿದೆ ಎಂದಿದ್ದ ಭಾಗವೂ ತಾನಾಗಿ ಬಾಯಿಗೆ ಬರುತ್ತದೆ. ಆ ವೇಗಕ್ಕೆ ನನ್ನ ಬರವಣಿಗೆ ಹೊಂದುವುದಿಲ್ಲ. ಧ್ವನಿಮುದ್ರಣ ಮಾಡಿಕೊಂಡರೆ ದುಡಿಯ ಸದ್ದಿನಲ್ಲಿ ಎಷ್ಟೋ ಪದಗಳು ಕೇಳಿಸುವುದಿಲ್ಲ.

ಐರ್ಲೆಂಡಿನ ಪಶ್ಚಿಮ ತೀರದ ದ್ವೀಪಗಳಲ್ಲಿ ಐರಿಷ್ ಭಾಷೆಯ ಹಳೆಯ ಹಾಡುಗಳನ್ನು ಸಂಗ್ರಹಿಸಿದ ಲೇಖಕರ ಕುರಿತು ಇತ್ತೀಚೆಗೆ ಓದತೊಡಗಿದೆ. ಸಣ್ಣ ಸಮುದಾಯ, ದೊಡ್ಡ ಭಾಷೆಯ ಪಕ್ಕದಲ್ಲಿ ಬಾಳಬೇಕಾದ ನುಡಿ, ಮುಪ್ಪಿನ ಹಾಡುಗಾರರು, ಪಟ್ಟಣಕ್ಕೆ ಹೋದ ಮಕ್ಕಳು, ಇವೆಲ್ಲ ನಮ್ಮ ಸ್ಥಿತಿಗೆ ಬಹಳ ಹತ್ತಿರವೆನಿಸಿತು. ಅವರು ಪದವನ್ನೂ ಧಾಟಿಯನ್ನೂ ಹೇಗೆ ಹಿಡಿದರು, ಯಾವುದನ್ನು ಕಳೆದುಕೊಂಡರು? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು. ಇನ್ನೊಂದು ವಿಷಯವೂ ಇದೆ: ಒಂದು ಒಕ್ಕದವರು (ಮನೆತನದವರು) ತಮ್ಮ ಹಿರಿಯರು ಹಾಡಿದ ಸಾವಿನ ಹಾಡನ್ನು ಅಂತರ್ಜಾಲಕ್ಕೆ ಹಾಕಬಾರದೆಂದು ಕೇಳಿಕೊಂಡಿದ್ದಾರೆ. ಅಂಥ ಹಾಡನ್ನು ಸಂಗ್ರಹದಲ್ಲಿ ಸೇರಿಸುವುದೇ ಬೇಡವೇ?

ಉತ್ತರ: ಮಡಿಕೇರಿಯ ನಿವೃತ್ತ ಅಧ್ಯಾಪಕ

ತಾವು ವಿವರಿಸಿದ ತೊಡಕು ಅಲ್ಲಿ ಇನ್ನೂರು ವರ್ಷಗಳಿಂದ ಇದೆ. ಅದನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಎದುರಿಸಿದರು. ನನಗೆ ಬಹಳ ಇಷ್ಟವಾದ ಪ್ರಸಂಗ 1857ರದು. ಆ ವರ್ಷ ವಿದ್ವಾಂಸರ ತಂಡವೊಂದು ಡಬ್ಲಿನ್‌ನಿಂದ ಪಶ್ಚಿಮ ತೀರದ ಅರನ್ ದ್ವೀಪಗಳಿಗೆ ಹೋಯಿತು. ಅದರಲ್ಲಿ ಜಾರ್ಜ್ ಪೆಟ್ರಿ ಮತ್ತು ಯೂಜೀನ್ ಓಕರಿ ಎಂಬಿಬ್ಬರಿದ್ದರು. ಪೆಟ್ರಿ ಅರವತ್ತೈದು ದಾಟಿದ ಚಿತ್ರಕಾರ, ಪುರಾತತ್ತ್ವಜ್ಞ, ಪಿಟೀಲು ಬಲ್ಲವರು. ಓಕರಿ ಐರಿಷ್ ಮನೆಮಾತಿನವರು, ಹಳೆಯ ಹಸ್ತಪ್ರತಿಗಳಲ್ಲಿ ಪಳಗಿದವರು. ಸಂಜೆಯಾದ ಮೇಲೆ ಒಂದು ಗುಡಿಸಲಿನಲ್ಲಿ ದ್ವೀಪದ ಜನ ಕಿಕ್ಕಿರಿದು ಸೇರುತ್ತಿದ್ದರು. ಹಾಡುವವರು ಒಲೆಯ ಪಕ್ಕದ ಆಸನದಲ್ಲಿ ಕೂರುತ್ತಿದ್ದರು, ಇವರಿಬ್ಬರು ಎದುರಿಗೆ. ಮೊದಲು ಹಾಡು ಪೂರ್ತಿ ಆಗಬೇಕು. ಓಕರಿ ಪದಗಳನ್ನು ಬರೆದುಕೊಳ್ಳುವರು. ಬಳಿಕ ಅದೇ ಹಾಡನ್ನು ಮತ್ತೆ ಆರಂಭಿಸಿದಾಗ ಪೆಟ್ರಿ ಸನ್ನೆ ಮಾಡಿ ಸ್ವಲ್ಪ ಸ್ವಲ್ಪಕ್ಕೇ ನಿಲ್ಲಿಸಿ ಸ್ವರಗಳನ್ನು ಗುರುತು ಹಾಕಿಕೊಳ್ಳುವರು. ಸರಿಹೋಗುವವರೆಗೆ ಆ ತುಣುಕನ್ನೇ ಮತ್ತೆ ಮತ್ತೆ ಹೇಳಿಸುವರು. ಎಲ್ಲ ಮುಗಿದ ಮೇಲೆ ಪಿಟೀಲು ತೆಗೆದು ತಾವು ಬರೆದುಕೊಂಡದ್ದನ್ನು ಹಾಡಿದವರ ಮುಂದೆಯೇ ನುಡಿಸುವರು. ಸೇರಿದ್ದವರಿಗೆ ಅದು ಬಹಳ ಸಂತೋಷ ಕೊಡುತ್ತಿತ್ತು ಎಂದು ಅಲ್ಲಿದ್ದವರೇ ದಾಖಲಿಸಿದ್ದಾರೆ. ಬರೆದದ್ದು ಸರಿಯೇ ಎಂದು ಊರಿನ ಕಿವಿಯಿಂದಲೇ ಪರೀಕ್ಷೆ ಮಾಡಿಸುವ ಆ ಕ್ರಮ ಇಂದಿಗೂ ನಮಗೆ ಒದಗಬಲ್ಲದು.

ಆದರೆ ಆಮೇಲೆ ಆದದ್ದು ಬೇಸರದ ಸಂಗತಿ. ಪದಗಳು ಒಬ್ಬರ ಕಾಗದಗಳಲ್ಲಿ, ಧಾಟಿ ಇನ್ನೊಬ್ಬರ ಕಾಗದಗಳಲ್ಲಿ ಉಳಿದವು. 1902ರಿಂದ 1905ರ ನಡುವೆ ಪೆಟ್ರಿಯವರ ಸಂಗ್ರಹ ಒಟ್ಟಾಗಿ ಅಚ್ಚಾದಾಗ ಅದರಲ್ಲಿ 1,582 ಧಾಟಿಗಳಿದ್ದವು. ಅವುಗಳಿಗೆ ಸೇರಬೇಕಾಗಿದ್ದ ಹಾಡಿನ ಸಾಹಿತ್ಯ ಇರಲಿಲ್ಲ. ಇದಕ್ಕೂ ಹಿಂದೆ ಇಂಥದ್ದೇ ಆಗಿತ್ತು. 1792ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಹಾರ್ಪ್ ಎಂಬ ತಂತಿವಾದ್ಯದ ಹಳೆಯ ವಾದಕರನ್ನು ಸೇರಿಸಿದಾಗ ಎಡ್ವರ್ಡ್ ಬಂಟಿಂಗ್ ಎಂಬ ತರುಣ ಸಂಗೀತಗಾರ ಧಾಟಿಗಳನ್ನು ಬರೆದುಕೊಂಡರು, ಮತ್ತು ಅವನ್ನು ಪಿಯಾನೊಗೆ ಹೊಂದಿಸಿದರು. ಸಾಹಿತ್ಯ ಬೇಕೆಂದು 1802ರಲ್ಲಿ ಪ್ಯಾಟ್ರಿಕ್ ಲಿಂಚ್ ಎಂಬ ಐರಿಷ್ ಬಲ್ಲ ಶಿಕ್ಷಕರನ್ನು ಪಶ್ಚಿಮದ ಕಾನಕ್ಟ್ ಪ್ರಾಂತಕ್ಕೆ ಕಳುಹಿಸಲಾಯಿತು. ಅವರು ಕಷ್ಟಪಟ್ಟು ತಂದ ಹಾಡುಗಳನ್ನು ಬಿಟ್ಟು 1809ರ ಸಂಪುಟದಲ್ಲಿ ಇಂಗ್ಲಿಷ್ ಪದ್ಯಗಳನ್ನು ಅಚ್ಚು ಹಾಕಿದರು. ಲಿಂಚ್ ತಂದ ಐರಿಷ್ ಪಾಠಗಳು ಹಸ್ತಪ್ರತಿಗಳಾಗಿಯೇ ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯ ಸೇರಿದವು. ಕೊಂಡುಕೊಳ್ಳುವ ಓದುಗರಿಗೆ ಯಾವ ಭಾಷೆ ರುಚಿಸುತ್ತದೆ ಎಂಬುದೇ ಅಲ್ಲಿ ನಿರ್ಣಾಯಕವಾಯಿತು. ಚಿಣ್ಣಪ್ಪನವರು ನಮ್ಮ ಹಾಡುಗಳನ್ನು ಕೊಡವ ನುಡಿಯಲ್ಲೇ ಉಳಿಸಿಕೊಟ್ಟದ್ದರ ಬೆಲೆ ಇದನ್ನು ಓದಿದ ಮೇಲೆ ನನಗೆ ಇನ್ನೂ ಚೆನ್ನಾಗಿ ತಿಳಿಯಿತು.

ಇಪ್ಪತ್ತನೆಯ ಶತಮಾನದಲ್ಲಿ ಕೆಲಸ ವ್ಯವಸ್ಥಿತವಾಯಿತು. 1935ರಲ್ಲಿ ಐರ್ಲೆಂಡ್ ಸರ್ಕಾರ ಜಾನಪದ ಆಯೋಗವೊಂದನ್ನು ಸ್ಥಾಪಿಸಿ, ಸಂಬಳದ ಸಂಗ್ರಾಹಕರನ್ನು ಹಳ್ಳಿಗಳಿಗೂ ದ್ವೀಪಗಳಿಗೂ ಕಳುಹಿಸಿತು. ಅವರ ಬಳಿ ಮೇಣದ ಉರುಳೆಗಳಲ್ಲಿ ಧ್ವನಿ ಹಿಡಿಯುವ ಎಡಿಫೋನ್ ಯಂತ್ರವಿತ್ತು. ಹಣದ ಅಭಾವದಿಂದಾಗಿ ಉರುಳೆಯಲ್ಲಿದ್ದುದನ್ನು ಪುಸ್ತಕಕ್ಕೆ ಬರೆದುಕೊಂಡ ಕೂಡಲೇ ಮೇಣವನ್ನು ಹೆರೆದು ಮತ್ತೆ ಬಳಸುತ್ತಿದ್ದರು. ಪುಟಗಳು ಉಳಿದವು, ಬಹುಪಾಲು ಕಂಠಗಳು ಹೋದವು. 1942ರಿಂದ 1947ರವರೆಗೆ ಆಯೋಗದಲ್ಲಿ ದುಡಿದ ಷೇಮಸ್ ಎನಿಸ್ ಬ್ಯಾಗ್‌ಪೈಪ್ ವಾದಕರು, ಕೇಳಿದ್ದನ್ನು ನೇರವಾಗಿ ಸ್ವರಲಿಪಿಗೆ ಇಳಿಸಬಲ್ಲವರು. ಸೈಕಲ್ ಏರಿ ಊರೂರು ತಿರುಗಿದರು, ಅರನ್‌ಗೂ ಹೋದರು. ಪಶ್ಚಿಮದ ಕನೆಮಾರಾ ತೀರದ ಒಬ್ಬ ಮೀನುಗಾರ ರೈತನಿಂದಲೇ ಅವರು ಇನ್ನೂರಕ್ಕೂ ಹೆಚ್ಚು ಹಾಡು, ಧಾಟಿಗಳನ್ನು ಪಡೆದರು. ಒಂದೇ ಕೂರಿಕೆಯಲ್ಲಿ ಅಷ್ಟು ಸಿಗುವುದಿಲ್ಲ. ಆ ಮನೆಗೆ ಮತ್ತೆ ಮತ್ತೆ ಹೋಗಿ, ಆತನ ಕೆಲಸಕಾರ್ಯಗಳ ನಡುವೆಯೇ ಕೇಳಿ ಪಡೆದದ್ದು ಅದು.

ಎನಿಸ್ ಮತ್ತು ಅವರ ಸಹೋದ್ಯೋಗಿಗಳು ದಿನಚರಿ ಬರೆಯಬೇಕಾಗಿತ್ತು. ಯಾರ ಮನೆ, ಯಾರ ಜೊತೆ, ಹವೆ ಹೇಗಿತ್ತು, ಯಾರು ಹಾಡಲು ಒಪ್ಪಲಿಲ್ಲ ಎಂಬುದೆಲ್ಲ ಅವುಗಳಲ್ಲಿ ಸಿಗುತ್ತದೆ. ಹಾಡಿನ ಪುಸ್ತಕದ ಪಕ್ಕದಲ್ಲಿ ಇಂಥ ಇನ್ನೊಂದು ಪುಸ್ತಕ ತಮ್ಮ ಬಳಿಯೂ ಇರಲಿ ಎಂದು ಒತ್ತಾಯಿಸಿ ಹೇಳುತ್ತೇನೆ.

ಉತ್ತರ: ಪೊನ್ನಂಪೇಟೆ ಸೀಮೆಯ ದುಡಿ ಹಾಡುಗಾರ

ಮೇಲಿನ ಗುರುಗಳು ಬರೆದದ್ದನ್ನು ಆಸಕ್ತಿಯಿಂದ ಓದಿದೆ. ಆದರೆ ಪೆಟ್ರಿಯವರ ಹಾಗೆ ನಡುನಡುವೆ ನಿಲ್ಲಿಸುವ ಕ್ರಮ ನಮ್ಮ ಹಾಡಿಗೆ ಒಗ್ಗುವುದಿಲ್ಲವೆಂದು ಹೇಳಲೇಬೇಕು. ಅಲ್ಲಿನ ಹಾಡು ಒಬ್ಬರೇ ವಾದ್ಯವಿಲ್ಲದೆ ಹಾಡುವಂಥದ್ದು ಎಂದು ಕೇಳಿದ್ದೇನೆ. ನಮ್ಮದು ನಾಲ್ವರ ಹಾಡು. ಇಬ್ಬರು ಒಂದು ಸಾಲು ಎತ್ತುತ್ತಾರೆ, ಇನ್ನಿಬ್ಬರು ಅದನ್ನು ಹಿಡಿದು ಹೇಳುತ್ತಾರೆ. ಹಿಂದಿನ ಜೋಡಿ ಹೇಳುತ್ತಿರುವಷ್ಟು ಹೊತ್ತು ಮುಂದಿನ ಜೋಡಿಯ ಮನಸ್ಸಿನಲ್ಲಿ ಮುಂದಿನ ಸಾಲು ಸಿದ್ಧವಾಗುತ್ತಿರುತ್ತದೆ. ಒಬ್ಬಂಟಿಯಾಗಿ ಕೂರಿಸಿ ಕೇಳಿದರೆ ಆ ಬಿಡುವೇ ಇಲ್ಲ. ಬಿಡುವು ಇಲ್ಲದ ಮೇಲೆ ನೆನಪು ತಡವರಿಸುವುದು ಸಹಜ. ತಮ್ಮ ಅಜ್ಜನಿಗೆ ಮರೆವು ಬಂದಿದೆ ಎಂದು ಯಾರೂ ತಿಳಿಯಬಾರದು. ಅವರಿಗೆ ಜೊತೆ ಬೇಕಾಗಿದೆ.

ಆದ್ದರಿಂದ ನನ್ನ ಸಲಹೆ ಇದು. ಮೊದಲು ನಾಲ್ವರನ್ನೂ ಸೇರಿಸಿ, ಐನ್‌ಮನೆಯಲ್ಲಿ (ಒಕ್ಕದ ಮೂಲಮನೆಯಲ್ಲಿ) ತೂಗುದೀಪ ಹಚ್ಚಿ, ಕ್ರಮವಾಗಿ ಪೂರ್ತಿ ಹಾಡಿಸಿ. ಯಾರೂ ನಿಲ್ಲಿಸಬಾರದು, ಪ್ರಶ್ನೆ ಕೇಳಬಾರದು. ಅದನ್ನು ಧ್ವನಿಮುದ್ರಿಸಿಕೊಳ್ಳಿ. ಮರುದಿನ ಅದೇ ಹಿರಿಯರಲ್ಲಿ ಒಬ್ಬರ ಬಳಿ ಕುಳಿತು, ಮುದ್ರಿಸಿದ್ದನ್ನು ಸಾಲು ಸಾಲಾಗಿ ಕೇಳಿಸುತ್ತಾ ಬರೆದುಕೊಳ್ಳಿ. ತಮ್ಮದೇ ದನಿ ಕೇಳಿದಾಗ ಅವರು ಪದ ಬಿಡಿಸಿ ಹೇಳುತ್ತಾರೆ. ಈ ಹೆಸರು ಯಾವ ನಾಡಿನದು, ಈ ಪದ ಈಗ ಯಾರೂ ಆಡುವುದಿಲ್ಲ ಎಂದು ವಿವರಿಸುತ್ತಾರೆ. ದುಡಿಯ ಸದ್ದಿನ ತೊಂದರೆಗೆ ಉಪಾಯ ಸುಲಭ: ಎರಡು ಯಂತ್ರಗಳಿದ್ದರೆ ಒಂದನ್ನು ಹಾಡನ್ನು ಎತ್ತುವ ಜೋಡಿಯ ಬಾಯಿಗೆ ಹತ್ತಿರ, ದುಡಿಗಿಂತ ಎತ್ತರದಲ್ಲಿ ಇರಿಸಿ. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಮುದ್ರಣ ಮಾಡುವ ಯೋಚನೆಯನ್ನು ಬಿಟ್ಟುಬಿಡಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಅದು ಮುಗಿದ ಮೇಲೆ, ಮದುವೆಗಳು ನಡೆಯುವ ದಿನಗಳು ಎಲ್ಲಕ್ಕಿಂತ ಉತ್ತಮ.

ಇನ್ನೊಂದು ಮುಖ್ಯ ಮಾತು. ಪುತ್ತರಿಯ ಸಮಯದಲ್ಲಿ ಮನೆಮನೆಗೆ ಹೋಗಿ ಹಾಡುವಾಗ ಆಯಾ ಮನೆಯ ಯಜಮಾನನ ಹೆಸರು, ಒಕ್ಕದ ಹೆಸರು ಹಾಡಿನೊಳಗೆ ಸೇರುತ್ತವೆ. ಮದುವೆಯ ಹಾಡಿನಲ್ಲಿ ವಧೂವರರ ಹೆಸರುಗಳು ಸೇರುತ್ತವೆ. ಹೀಗಾಗಿ ಪ್ರತಿ ಸಲವೂ ಹಾಡು ಸ್ವಲ್ಪ ಹೊಸದು. ತಾವು ಕೇಳಿದ ಬೇರೆ ಸಾಲು, ಬೇರೆ ಊರಿನ ಹೆಸರುಗಳನ್ನು ತಪ್ಪೆಂದು ತಿದ್ದಬೇಡಿ, ಅಚ್ಚಾದ ಪುಸ್ತಕಕ್ಕೆ ಹೊಂದಿಸಲೂ ಹೋಗಬೇಡಿ. ಎಲ್ಲಿ, ಯಾರ ಮನೆಯಲ್ಲಿ, ಯಾವ ಸಂದರ್ಭದಲ್ಲಿ ಹಾಡಿದ್ದು ಎಂದು ತಲೆಬರಹದಲ್ಲೇ ಬರೆದರೆ ಸಾಕು.

ಸಾವಿನ ಹಾಡಿನ ವಿಷಯದಲ್ಲಿ ಆ ಒಕ್ಕದವರ ಮಾತೇ ಅಂತಿಮ. ಸಾವಿಲ್ಲದ ಮನೆಯಲ್ಲಿ ಅದನ್ನು ಹಾಡಿ ತೋರಿಸಿ ಎಂದು ಕೇಳುವುದೇ ನಮ್ಮಲ್ಲಿ ಅನೇಕರಿಗೆ ನೋವು ಕೊಡುತ್ತದೆ. ಅವರಾಗಿ ಒಪ್ಪಿದರೆ ಬರೆದುಕೊಳ್ಳಿ, ಬೀಗ ಹಾಕಿ ಇಡಿ, ಆ ಮನೆಯ ಮಕ್ಕಳಿಗೆ ಒಂದು ಪ್ರತಿ ಕೊಡಿ.

ಉತ್ತರ: ಜಾನಪದ ಸಂಶೋಧನಾ ವಿದ್ಯಾರ್ಥಿನಿ, ಸೋಮವಾರಪೇಟೆ

ದುಡಿ ಹಾಡುಗಾರರು ಹೇಳಿದ 'ಜೊತೆ'ಯ ಮಾತಿಗೆ ಐರ್ಲೆಂಡಿನಿಂದಲೇ ಬೆಂಬಲ ಸಿಗುತ್ತದೆ. ಅಲ್ಲಿನ ಹಳೆಯ ಶೈಲಿಯ ಗಾಯನ ಒಂಟಿ ಕಂಠದ್ದು, ತಾಳಕ್ಕೆ ಕಟ್ಟುಬಿದ್ದದ್ದಲ್ಲ ಎಂಬುದು ನಿಜ. ಆದರೂ ಹಾಡುವವರು ಒಂಟಿಯಾಗಿರುವುದಿಲ್ಲ. ಪಕ್ಕದಲ್ಲಿ ಕುಳಿತವರೊಬ್ಬರು ಹಾಡುವವರ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು, ಹಾಡಿನ ನಡಿಗೆಗೆ ಅನುಸಾರವಾಗಿ ಮೆಲ್ಲಗೆ ಸುತ್ತಿಸುತ್ತಿರುವ ಪದ್ಧತಿ ಅಲ್ಲಿದೆ. ಒಂದು ಒಳ್ಳೆಯ ಸಾಲು ಬಂದಾಗ ಕೇಳುಗರು ನಡುವೆಯೇ ಮೆಚ್ಚುಗೆಯ ಮಾತು ಹೇಳಿ ಹುರಿದುಂಬಿಸುತ್ತಾರೆ. ಕೊಠಡಿಯೊಂದರಲ್ಲಿ ಯಂತ್ರದ ಮುಂದೆ ಹಾಡಿಸಿದರೆ ಇದಾವುದೂ ಇರುವುದಿಲ್ಲ.

ಟೋರಿ ದ್ವೀಪದ ಉದಾಹರಣೆ ತಮಗೆ ವಿಶೇಷವಾಗಿ ಉಪಯೋಗವಾದೀತು. ಅದು ಡೊನಿಗಾಲ್ ಕರಾವಳಿಯಿಂದ ಸುಮಾರು 14 ಕಿಲೋಮೀಟರ್ ದೂರದ ಪುಟ್ಟ ದ್ವೀಪ. ಚಳಿಗಾಲದ ಬಿರುಗಾಳಿಗೆ ದೋಣಿ ನಿಂತರೆ ಹೊರಗಿನ ಸಂಪರ್ಕ ಕಡಿದುಹೋಗುತ್ತದೆ. ಅಲ್ಲಿನ ಹಾಡುಗಳ ಮೇಲೆ ಕೆಲಸ ಮಾಡಿದ ಲಿಲಿಸ್ ಓ ಲೀರೆ ಎದುರಿನ ಕರಾವಳಿಯ ಐರಿಷ್ ಭಾಷಿಕ ಊರಿನವರು, ಸ್ವತಃ ಗಾಯಕರು. ಐರಿಷ್ ಗಾಯನದ ಅತಿ ದೊಡ್ಡ ಪ್ರಶಸ್ತಿಯನ್ನು ಎರಡು ಬಾರಿ ಗೆದ್ದವರು. ಅವರು ದ್ವೀಪದ ಹಿರಿಯ ಹಾಡುಗಾರರ ಬಳಿ ಶಿಷ್ಯರಂತೆ ಕಲಿತರು, ಆಮೇಲೆ ಬರೆದರು. ಹಾಡಿನ ಪಾಠಗಳನ್ನು ಮಾತ್ರ ಪಟ್ಟಿ ಮಾಡದೆ, ಆ ಹಾಡು ಯಾರಿಂದ ಯಾರಿಗೆ ಬಂತು, ಕುಣಿತದ ರಾತ್ರಿಗಳಲ್ಲಿ ಒಂದು ಕುಣಿತ ಮುಗಿದು ಇನ್ನೊಂದು ಆರಂಭವಾಗುವ ನಡುವೆ ಹಾಡಿಗೆ ಯಾವ ಸ್ಥಾನವಿತ್ತು, ಅಗಲಿದವರ ನೆನಪು ಮತ್ತು ಬದುಕುವ ಧೈರ್ಯ ಎರಡನ್ನೂ ಅದೇ ಹಾಡು ಹೇಗೆ ಹೊರುತ್ತದೆ ಎಂಬುದನ್ನು ಹಾಡುಗಾರರ ಮಾತುಗಳ ಮೂಲಕವೇ ವಿವರಿಸಿದರು. ನನ್ನ ದೃಷ್ಟಿಯಲ್ಲಿ ಇದು ಪೆಟ್ರಿಯವರ ಕಾಲದ ಕೆಲಸಕ್ಕಿಂತ ಬಹುದೂರ ಮುಂದೆ ಹೋದ ಕೆಲಸ. ಪೆಟ್ರಿಯವರ ಕಾಲದವರು ಹಾಡನ್ನು ಹಳೆಯ ನಾಣ್ಯದಂತೆ ಕಂಡರು. ಯಾವ ಕೈಯಿಂದ ಬಂತು ಎಂಬುದಕ್ಕಿಂತ ಎಷ್ಟು ಹಳೆಯದು ಎಂಬುದರ ಕಡೆಗೇ ಅವರ ಗಮನ.

ಹಾಗಾಗಿ ತಾವು ಪ್ರತಿ ಹಾಡಿನ ಜೊತೆ ಹಾಡುಗಾರರ ಮಾತನ್ನೂ ಅಷ್ಟೇ ಶ್ರದ್ಧೆಯಿಂದ ಮುದ್ರಿಸಿಕೊಳ್ಳಬೇಕು. ಈ ಹಾಡನ್ನು ಮೊದಲು ಎಲ್ಲಿ ಕೇಳಿದಿರಿ, ಯಾರು ತಿದ್ದಿದರು, ಯಾವ ಸಾಲು ಹಾಡುವಾಗ ಮನಸ್ಸು ತುಂಬಿ ಬರುತ್ತದೆ, ಯಾವ ಮನೆಯಲ್ಲಿ ಯಾವ ಸಾಲನ್ನು ಹಾಡುವುದಿಲ್ಲ ಎಂದು ಕೇಳಿ. ಹಾಡು ಮುಗಿದ ತಕ್ಷಣ ಯಂತ್ರವನ್ನು ನಿಲ್ಲಿಸುವ ಅಭ್ಯಾಸ ಬಹಳ ಸಂಗ್ರಾಹಕರಲ್ಲಿದೆ. ಹಾಡು ಮುಗಿದ ಮೇಲೆ ಹಿರಿಯರು ತಾವಾಗಿಯೇ ಆಡುವ ಮಾತುಗಳು ಹೀಗೆ ದಾಖಲಾಗದೆ ಹೋಗುತ್ತವೆ.

ಒಂದು ಕೊರತೆಯನ್ನೂ ಸೂಚಿಸಬೇಕು. ದುಡಿ ಹಿಡಿಯುವವರು ಗಂಡಸರಾದ್ದರಿಂದ ಕೊಡಗಿನ ಹಾಡು ಎಂದರೆ ದುಡಿ ಹಾಡು ಎಂಬ ಭಾವನೆ ಬೆಳೆದಿದೆ. ಅಡುಗೆಮನೆ, ತೊಟ್ಟಿಲು, ನಾಟಿಗದ್ದೆಗಳ ಹಾಡುಗಳನ್ನು ಬಲ್ಲ ಅಜ್ಜಿಯರನ್ನು ಯಾರೂ ಕೇಳುವುದೇ ಇಲ್ಲ. ತಮ್ಮ ಗ್ರಾಮದಲ್ಲೇ ಅರೆಭಾಷೆಯ (ಇಲ್ಲಿನ ಗೌಡರ ಮನೆಮಾತಿನ) ಸೋಬಾನೆ ಬಲ್ಲವರು, ಬುಡಕಟ್ಟುಗಳಾದ ಎರವರ, ಕುಡಿಯರ, ಜೇನು ಕುರುಬರ ಹಾಡುಗಳನ್ನು ಬಲ್ಲವರು ಇರಬಹುದು. ತಾವು ಶಿಕ್ಷಕಿಯಾದ್ದರಿಂದ ಆ ಮನೆಗಳ ಮಕ್ಕಳ ಮೂಲಕ ತಮಗೆ ಪ್ರವೇಶ ಸುಲಭ.

ಉತ್ತರ: ವಕೀಲೆ, ಕುಶಾಲನಗರ

ಕಾನೂನಿನ ಅಂಶ ಮಾತ್ರ ಸಂಕ್ಷೇಪವಾಗಿ ಹೇಳುತ್ತೇನೆ. ಯಾರು ಕಟ್ಟಿದ್ದೆಂದು ತಿಳಿಯದ ಪರಂಪರೆಯ ಹಾಡಿಗೆ ಕೃತಿಸ್ವಾಮ್ಯ ಹೇಳಿಕೊಳ್ಳುವವರು ಇಲ್ಲದಿರಬಹುದು. ಆದರೆ ಅದನ್ನು ಹಾಡಿದ ವ್ಯಕ್ತಿಗೆ ತನ್ನ ಗಾಯನದ ಮೇಲೆ ಹಕ್ಕಿದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ತಂದ ತಿದ್ದುಪಡಿಯ ಮೂಲಕ ಪ್ರದರ್ಶಕರ ಹಕ್ಕು ಸೇರಿತು. ಗಾಯಕರೂ ಆ ವ್ಯಾಖ್ಯೆಯಲ್ಲಿ ಬರುತ್ತಾರೆ, ಮತ್ತು ಆ ಹಕ್ಕು ಈಗ 50 ವರ್ಷಗಳ ಕಾಲ ಇರುತ್ತದೆ. ಸಂಶೋಧನೆಗೆ ಅಥವಾ ಪಾಠಕ್ಕೆಂದು ಪ್ರಾಮಾಣಿಕವಾಗಿ ಧ್ವನಿಮುದ್ರಿಸಿಕೊಳ್ಳಲು ಕಾಯ್ದೆಯಲ್ಲಿ ಅವಕಾಶವಿದೆ. ಅಂತರ್ಜಾಲದಲ್ಲಿ ಪ್ರಕಟಿಸುವುದು ಬೇರೆಯೇ ವಿಷಯ, ಅದಕ್ಕೆ ಒಪ್ಪಿಗೆ ಬೇಕು.

ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ, ಒಂದು ಪುಟ ಮೀರದಂತೆ ಬರೆಯಿರಿ. ಮನೆಯವರಿಗೆ ಮಾತ್ರ, ಸಂಶೋಧಕರಿಗೆ ಮಾತ್ರ, ಎಲ್ಲರಿಗೂ ಎಂಬ ಮೂರು ಆಯ್ಕೆಗಳನ್ನು ಕೊಟ್ಟು, ಪ್ರತಿ ಹಾಡಿಗೂ ಬೇರೆ ಬೇರೆಯಾಗಿ ಗುರುತು ಹಾಕಿಸಿ. ಓದಿ ಹೇಳಿ ಸಹಿ ಪಡೆಯಿರಿ; ಓದಿ ಹೇಳಿದ ದನಿಯೂ ಅವರ ಒಪ್ಪಿಗೆಯ ದನಿಯೂ ಅದೇ ಮುದ್ರಣದ ಆರಂಭದಲ್ಲಿ ಇರಲಿ. ಅನಂತರ ಮನಸ್ಸು ಬದಲಾಯಿಸಿದರೆ ಹಿಂಪಡೆಯುವ ಅವಕಾಶವನ್ನೂ ಬರೆಯಿರಿ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ನಾಲ್ವರನ್ನು ಒಟ್ಟಿಗೆ ಹಾಡಿಸಿ, ಮರುದಿನ ಕೇಳಿಸಿ ಬರೆದುಕೊಳ್ಳುವ ಕ್ರಮವನ್ನೇ ಅನುಸರಿಸುತ್ತೇನೆ. ಸಾವಿನ ಹಾಡು ಆ ಒಕ್ಕದವರ ಬಳಿಯೇ ಇರುತ್ತದೆ. ಮಕ್ಕಳ ಮೂಲಕ ಪ್ರವೇಶ ಎಂದದ್ದು ನನ್ನನ್ನು ಯೋಚನೆಗೆ ಹಚ್ಚಿದೆ. ಐರ್ಲೆಂಡಿನಲ್ಲಿ ಶಾಲಾ ಮಕ್ಕಳಿಂದಲೇ ಜಾನಪದ ಸಂಗ್ರಹಿಸಿದ್ದರೆಂದು ಎಲ್ಲೋ ಕೇಳಿದ ನೆನಪು. ಅದು ಹೇಗೆ ನಡೆಯಿತು?

ಉತ್ತರ: ಮಡಿಕೇರಿಯ ನಿವೃತ್ತ ಅಧ್ಯಾಪಕ

1937ರಿಂದ 1939ರವರೆಗೆ ಅದೇ ಜಾನಪದ ಆಯೋಗ ಆ ಕೆಲಸ ಮಾಡಿಸಿತು. ಸುಮಾರು 5,000 ಪ್ರಾಥಮಿಕ ಶಾಲೆಗಳ ಮೇಲಿನ ತರಗತಿಗಳ ಮಕ್ಕಳು ಭಾಗವಹಿಸಿದರು. ಮಕ್ಕಳು ಮನೆಯಲ್ಲೂ ನೆರೆಮನೆಯಲ್ಲೂ ಹಿರಿಯರನ್ನು ಕೇಳಿ ಬಂದು ಕಾಪಿಪುಸ್ತಕದಲ್ಲಿ ಬರೆಯುವರು. ಉತ್ತಮವಾದವುಗಳನ್ನು ಶಾಲೆಯ ದೊಡ್ಡ ಪುಸ್ತಕಕ್ಕೆ ಇಳಿಸುವರು. ಎಲ್ಲ ಸೇರಿ ಸುಮಾರು 7,40,000 ಪುಟಗಳು. ಅವು ಈಗ ಡಬ್ಲಿನ್‌ನ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. ಅಂತರ್ಜಾಲದಲ್ಲಿ ಮೂಲ ಕೈಬರಹವನ್ನೇ ನೋಡಬಹುದು, ಸ್ವಯಂಸೇವಕರು ಅದನ್ನು ಅಕ್ಷರಕ್ಕೆ ಇಳಿಸುತ್ತಿದ್ದಾರೆ. ಅಜ್ಜನೋ ಅಜ್ಜಿಯೋ ಹೇಳಿದ್ದನ್ನು ಮೊಮ್ಮಗು ಬರೆದ ಪುಟದಲ್ಲಿ ಹೇಳಿದವರ ಹೆಸರು, ವಯಸ್ಸು, ಊರು ಇರುವುದರಿಂದ, ಇಂದು ಆ ಮನೆತನದವರು ತಮ್ಮ ಹಿರಿಯರನ್ನು ಅಲ್ಲಿ ಹುಡುಕಿಕೊಳ್ಳುತ್ತಾರೆ.

ಆಯೋಗ ಶಿಕ್ಷಕರಿಗೆ ವಿಷಯವಾರು ಪ್ರಶ್ನೆಗಳ ಕೈಪಿಡಿಯನ್ನು ಕೊಟ್ಟಿತ್ತು, ಅದರಿಂದಲೇ ಕೆಲಸ ಹದಗೆಡಲಿಲ್ಲ. ತಾವೂ ಹಾಗೆಯೇ ಆರಂಭಿಸಬಹುದು. ಒಂದು ವಾರಕ್ಕೆ ಒಂದೇ ವಿಷಯ: ಮೊದಲ ವಾರ ತೊಟ್ಟಿಲ ಹಾಡು, ಮುಂದಿನ ವಾರ ನಾಟಿಗದ್ದೆಯ ಹಾಡು. ಮಗು ತನ್ನ ಮನೆಮಾತಿನಲ್ಲೇ, ಕೊಡವ ತಕ್ಕಾಗಲಿ ಅರೆಭಾಷೆಯಾಗಲಿ ಎರವ ನುಡಿಯಾಗಲಿ, ಕನ್ನಡ ಅಕ್ಷರದಲ್ಲಿ ಬರೆಯಲಿ. ಶಾಲೆಯ ಕನ್ನಡಕ್ಕೆ ತಿದ್ದಬೇಡಿ. ಅರೆಭಾಷೆಯ ಪುಟಗಳನ್ನು ಒಮ್ಮೆ ನೋಡಿಕೊಡಲು ಮಡಿಕೇರಿಯಲ್ಲಿರುವ ಅರೆಭಾಷೆ ಅಕಾಡೆಮಿಯನ್ನೂ, ಕೊಡವ ಪುಟಗಳಿಗೆ ಕೊಡವ ಸಾಹಿತ್ಯ ಅಕಾಡೆಮಿಯನ್ನೂ ಕೇಳಿ ನೋಡಿ. ಮೊದಲ ಪ್ರಶ್ನಾವಳಿ ಸಿದ್ಧವಾದಾಗ ಇಲ್ಲಿ ಹಾಕಿದರೆ ನಾವೆಲ್ಲ ಸೇರಿ ತಿದ್ದಿಕೊಡುತ್ತೇವೆ.